ಹಳೇ ಒಂಟಿ ಪೆಲೆಟ್ ಏರ್ ರೈಫಲ್ ಹೊಸದಾಗಿ ಕಟ್ಟಸೂದು: ಬೋರ್ 0.177 ಇರ್ಲೋ, 0.22 ಇರ್ಲೋ?

ಪ್ರಶ್ನೆ (ರಾಣೆಬೆನ್ನೂರು)

ನಮ್ಮ ಮನ್ಯಾಗ ಹಳೇದೊಂದು ಇಂಗ್ಲೆಂಡಿನ ಏರ್ ರೈಫಲ್ ಐತ್ರಿ. ಬ್ಯಾರಲ್ ಮುರದು (ಅಂದ್ರ ಕೀಲಿನ ಮ್ಯಾಲ ತೆಳಗ ಬಾಗಿಸಿ ತೆರದು) ಒಂದೊಂದ ಪೆಲೆಟ್ ಹಾಕೂ ನಮೂನಿ, ಸ್ಪ್ರಿಂಗ್ ಪಿಸ್ಟನ್ನಿಂದು, ಪಿಸ್ಟನ್ನಿಗೆ ಚರ್ಮದ ವಾಷರ್. ಬ್ಯಾರಲ್ ಮ್ಯಾಲ ಬೋರ್ (ಒಳಗಿನ ತೂತಿನ ಅಗಲ, ಇಂಚಿನ್ಯಾಗ) 0.22 ಅಂತ ಒತ್ತ್ಯಾರ. ಒಳಗ ತುಕ್ಕು ಹಿಡದೈತಿ. 10 ಮೀಟರ್‌ಗೆ ಹೊಡದ್ರ ಅಂಗೈ ಅಗಲ ಚೆದರ್ತಾವ, ಹಾಳ್ಯಾಗ ತೂತು ದುಂಡಗ ಬೀಳೂ ಬದಲಿ ಉದ್ದುದ್ದ ಬೀಳ್ತಾವ, ಜೋರೂ ಇಲ್ಲ. ಪೂರಾ ಬಿಚ್ಚಿಸಿ ಹೊಸದಾಗಿ ಕಟ್ಟಸೂ ವಿಚಾರ ಐತಿ. ಹೊಸಾ ಬ್ಯಾರಲ್ ಹಾಕಸೂದಾದ್ರ 0.177 ಮಾಡಸ್ಲೋ, ಇದ್ದ 0.22 ನ ಇಡ್ಲೋ? ಹಿತ್ತಲದಾಗ 10 ಮೀಟರ್ ಹಾಳಿ, ಹೊಲದಾಗ 25 ಮೀಟರ್‌ಗೆ ಡಬ್ಬಿ, ಇಷ್ಟ ಕೆಲಸ. ತೋಟಕ್ಕ ಮಂಗ್ಯಾ ಬರ್ತಾವ, ಅದಕ್ಕೂ ಆಗ್ತೈತೇನು? ಕಾಗದಪತ್ರ ಏನೂ ಇಲ್ಲ. ತಿಳದವರು ಹೇಳ್ರಿ.

ಹುಬ್ಬಳ್ಳಿ, ಬಂದೂಕು ದುರಸ್ತಿ ಕೆಲಸದವರು

ಅಣ್ಣಾರ, ಬೋರ್ ಯಾವುದು ಅನ್ನೂದು ಕಡೀ ಪ್ರಶ್ನೆ. ಮೊದಲನೇದು, ಬ್ಯಾರಲ್ ಖರೇನ ಹೋಗೇತೇನು ಅಂತ ನೋಡೂದು. ಏರ್ ರೈಫಲ್ಲಿನ್ಯಾಗ ಮೆತ್ತನ್ನ ಸೀಸದ ಪೆಲೆಟ್ ಓಡ್ತಾವ, ಮದ್ದಿನ ಬೆಂಕಿ ಇಲ್ಲ. ಹಿಂಗಾಗಿ ಹೊಡದು ಹೊಡದು ಸವದ ಬ್ಯಾರಲ್ ಭಾಳ ಕಡಿಮಿ. ಕೆಡೂದು ಮೂರು ಕಾರಣಕ್ಕ: ತುಕ್ಕು, ಸೀಸ ಮೆತ್ತಿದ್ದು, ಮತ್ತ ಬಾಯಿ ಅಂಚಿಗೆ ಪೆಟ್ಟು ಬಿದ್ದದ್ದು. ನಾಲ್ಕನೇದೊಂದೈತಿ, ಯಾರರ ಉಕ್ಕಿನ ಗುಂಡು ಹಾಕಿ ಹೊಡದಿದ್ರ ರೈಫ್ಲಿಂಗ್ ಗೆರಿ (ಪೆಲೆಟ್ ತಿರುಗಿಸಾಕ ಬ್ಯಾರಲ್ ಒಳಗ ಸುತ್ತಿ ಕೊರದ ಗೆರಿ) ಕೆತ್ತಿ ಹೋಗಿರ್ತಾವ. ಅದು ಮತ್ತ ಸುಧಾರಸೂದಿಲ್ಲ. ನಿಮ್ಮದು 0.22 ಇರೂದ್ರಿಂದ ಆ ಭಯ ಕಡಿಮಿ, ಆ ಗುಂಡು ಬರೂದು 4.5 ಮಿ.ಮೀ. ಬೋರಿಗೆ.

ಸ್ವಚ್ಛ ಮಾಡೂದು ಹಿಂಗ. ಬ್ಯಾರಲ್ ಮುರದು, ಬ್ರೀಚ್ (ಪೆಲೆಟ್ ಹಾಕೂ ಹಿಂದಿನ ತುದಿ) ಕಡೆಯಿಂದ ಚಿಮಣಿ ಎಣ್ಣಿ ನೆನಸಿದ ಅರಿವಿ ತುಂಡು ದಾರಕ್ಕ ಕಟ್ಟಿ ಬಾಯಿ ಕಡೆ ಜಗ್ಗ್ರಿ. ಬಾಯಿ ಕಡೆಯಿಂದ ಉಕ್ಕಿನ ಸಳಿ ತೂರಿಸಬ್ಯಾಡ್ರಿ, ಅಂಚು ಹಾಳಾಗೂದು ಅದರಿಂದನ. ಒಂದು ರಾತ್ರಿ ನೆನೀಲಿ. ಮರುದಿನ 0.22 ಅಳತಿ ಹಿತ್ತಾಳಿ ಬ್ರಷ್ 10-15 ಸಲ, ಆಮ್ಯಾಲ ಅರಿವಿಗೆ ಬ್ರಾಸೊ ಹಚ್ಚಿ 20 ಸಲ, ಆಮ್ಯಾಲ ಒಣಾ ಅರಿವಿ ಬೆಳ್ಳಗ ಬರೂತನ. ಕರೀ ಹೊಳಪಿನ ಚಕ್ಕಿ ಉದುರಿದ್ರ ಅದು ಸೀಸ, ಕೆಂಪು ಪುಡಿ ಬಂದ್ರ ತುಕ್ಕು. ಸೀಸ ಇದ್ರ ಅರ್ಧ ರೋಗ ಅಲ್ಲೇ ಹೋಗ್ತೈತಿ. ಎಣ್ಣಿ ಹನಿ ಟ್ರಾನ್ಸ್‌ಫರ್ ಪೋರ್ಟಿನ್ಯಾಗ, ಅಂದ್ರ ಸಿಲಿಂಡರಿಂದ ಬ್ಯಾರಲ್ಲಿಗೆ ಗಾಳಿ ಬರೂ ಸಣ್ಣ ತೂತಿನ್ಯಾಗ, ಇಳೀದಂಗ ಬ್ಯಾರಲ್ ತೆಳಗ ಬಾಗಿಸಿ ಹಿಡೀರಿ. ಅಲ್ಲಿ ಹೋದ ಎಣ್ಣಿ ಮುಂದ ಹೊಡಿಯೂ ಹೊತ್ತಿಗೆ ಹೊತ್ತಿಕೊಂಡು ಡೀಸಲಿಂಗ್ ಆಗ್ತೈತಿ.

ಮುಂದ ಪೆಲೆಟ್ ತೂರಿಸಿ ನೋಡೂ ಪರೀಕ್ಷಾ. ಸ್ಪ್ರಿಂಗ್ ಎಳೀಬ್ಯಾಡ್ರಿ, ಬರೇ ಬ್ಯಾರಲ್ ಮುರದು ಹಿಡೀರಿ. ಒಂದು ಪೆಲೆಟ್ ಬ್ರೀಚಿನ್ಯಾಗ ಕೂಡ್ರಿಸಿ, ಕಟಗೀ ಇಲ್ಲಾ ಹಿತ್ತಾಳಿ ಸಳೀಲೆ ಸಾವಕಾಶ ಮುಂದ ನೂಕ್ರಿ. ಕೈಗೆ ಒಂದೇ ಸಮ ಬಿಗಿ ಹತ್ತಬೇಕು, ಬಾಯಿ ಹತ್ರ ತುಸು ಹೆಚ್ಚು ಬಿಗಿ ಆದ್ರ ಇನ್ನೂ ಛಲೋ. ನಡುವ ಒಮ್ಮೆಲೆ ಸಡ್ಲ ಆತಂದ್ರ ಅಲ್ಲಿ ತುಕ್ಕು ತಿಂದು ಕುಣಿ ಬಿದ್ದೈತಿ ಅಂತ ತಿಳೀರಿ. ಹೊರಗ ಬಂದ ಪೆಲೆಟ್ಟಿನ ತಲೀ ಮ್ಯಾಲ ಗೆರಿ ಸುತ್ತಲೂ ಮೂಡಿರಬೇಕು. ಮೈಕ್ರೋಮೀಟರಿಂದ ಅಳದು ಇಲ್ಲಿ ಬರೀರಿ. ಹಳೇ ಇಂಗ್ಲಿಷ್ 0.22 ಬ್ಯಾರಲ್ ಕೆಲವು 5.6 ಮಿ.ಮೀ. ಹತ್ರ ಇರ್ತಾವ, ಈಗ ಸಿಗೂ ಪೆಲೆಟ್ ಹೆಚ್ಚಿನವು 5.5. ಸಡ್ಲ ಪೆಲೆಟ್ ಗೆರಿ ಹಿಡೀದ ಅಡ್ಡಾಡಕೋತ ಹೋಗ್ತೈತಿ. ಹಾಳ್ಯಾಗ ತೂತು ಉದ್ದ ಬೀಳೂದಕ್ಕ ಬರೇ ಇದ ಒಂದು ಕಾರಣ ಇದ್ರೂ ಇರಬಹುದು. ಹಂಗಿದ್ರ ಬ್ಯಾರಲ್ ಅಲ್ಲ, ಪೆಲೆಟ್ ಬದಲಿ ಮಾಡಬೇಕು.

ಇನ್ನ ಬಾಯಿ ಅಂಚು. ಕಿವಿಗೆ ಹಾಕೂ ಹತ್ತಿ ಕಡ್ಡಿ ಬೋರಿನ ಒಳಗಿಂದ ಹೊರಗ ಎಳೀರಿ, ಎಳಿ ಸಿಕ್ಕೊಂಡ ಕಡೆ ಮುಳ್ಳು ಎದ್ದಿರ್ತೈತಿ. ಇದಕ್ಕ ದೊಡ್ಡ ಮಷಿನ್ ಬ್ಯಾಡ. ಬೋರ್ ಒಳಗ ಎರಡು ಸೆಂ.ಮೀ. ಕೆಳಗ ಗ್ರೀಸ್ ಅರಿವಿ ತುರುಕಿ, ದುಂಡ ತಲೀ ಹಿತ್ತಾಳಿ ಸ್ಕ್ರೂ ಒಂದು ಕೈ ಡ್ರಿಲ್ಲಿಗೆ ಕಚ್ಚಿಸಿ, ಬೈಕ್ ಗ್ಯಾರೇಜಿನ್ಯಾಗ ಸಿಗೂ ಸಣ್ಣ ನಂಬರಿನ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಡ್ರಿಲ್ಲನ್ನ ಸುತ್ತ ಆಡಿಸಕೋತ ನಿಧಾನ ತಿರುವ್ರಿ. ಅಂಚಿಗೆ ಸಮ ಅಗಲದ ಹೊಳಿಯೂ ಉಂಗುರ ಕಂಡ ಕೂಡ್ಲೆ ನಿಲ್ಲಸ್ರಿ. ಸ್ಕ್ರೂ ತಲಿ ಬೋರಿನ ಎರಡು ಪಟ್ಟರ ಅಗಲ ಇರಬೇಕು, ಇಲ್ಲಾಂದ್ರ ಒಳಗ ಇಳದು ಬಾಯಿ ಅಗಲ ಆಗ್ತೈತಿ.

ಬೋರನ್ನ ಬೈಯೂ ಮೊದಲ ಇನ್ನೊಂದು ನೋಡ್ರಿ: ಬ್ಯಾರಲ್ ಮುಚ್ಚಿ ಎಡಕ್ಕ ಬಲಕ್ಕ ಅಲುಗ್ಯಾಡಿಸಿದ್ರ ಕೀಲಿನ್ಯಾಗ ಆಟ ಐತೇನು? ಕೂದಲೆಳಿ ಆಟ ಇದ್ರೂ ಗುರಿ ಚೆದರ್ತೈತಿ. ಕೀಲಿನ ಬೋಲ್ಟ್ ಬಿಗಿ ಮಾಡ್ರಿ, ಸಾಲದಿದ್ರ ಎರಡೂ ಬಾಜೂಕ ತೆಳು ಶಿಮ್ ವಾಷರ್ ಹಾಕ್ರಿ. ಕಟಗಿ ಹಿಡದ ಸ್ಕ್ರೂಗಳನ್ನೂ ನೋಡ್ರಿ. ಬ್ಯಾರಲ್ ಬದಲಿ ಮಾಡಬೇಕಂತ ಬರೂವು ಎಷ್ಟೋ ರೈಫಲ್ ಈ ಎರಡು ಕೆಲಸದಾಗ ಸರಿ ಆಗ್ತಾವ.

ಧಾರವಾಡ, ವಕೀಲರು

ದುರಸ್ತಿಗೆ ಕೈ ಹಾಕುವ ಮೊದಲು ಕಾಗದದ ವಿಷಯ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ ಎನ್ನಬೇಕಾದರೆ ಎರಡೂ ಷರತ್ತು ಒಟ್ಟಿಗೆ ಪೂರೈಸಬೇಕು: ಬೋರ್ 0.177 ಇಂಚು, ಅಂದರೆ 4.5 ಮಿ.ಮೀ. ಮೀರಬಾರದು; ಬಾಯಿಯಲ್ಲಿ ಪೆಲೆಟ್ಟಿನ ಶಕ್ತಿ 20 ಜೂಲ್ ಮೀರಬಾರದು. ಒಂದು ತಪ್ಪಿದರೂ ಲೈಸೆನ್ಸ್ ಬೇಕು. ನಿಮ್ಮ 0.22 ಎಷ್ಟೇ ಬಡಕಲಾಗಿದ್ದರೂ ಬೋರಿನ ಲೆಕ್ಕದಲ್ಲೇ ಹೊರಗೆ ಬೀಳುತ್ತದೆ. ಈ ನಿಯಮ ಬರುವ ಮೊದಲು ಪರೀಕ್ಷೆ ಬೇರೆ ಇತ್ತು, ಒಂದು ಇಂಚು ದಪ್ಪದ ಹಲಗೆಯನ್ನು ಪೆಲೆಟ್ ತೂರುತ್ತದೆಯೋ ಇಲ್ಲವೋ ಎಂದು ನೋಡುತ್ತಿದ್ದರು. ಅದಕ್ಕೇ ಹಳೆಯ ಮನೆಗಳಲ್ಲಿ ಕಾಗದವಿಲ್ಲದ 0.22 ಏರ್ ರೈಫಲ್ ಇನ್ನೂ ಸಿಗುತ್ತವೆ. "ಅಜ್ಜನ ಕಾಲದಿಂದ ಇದೆ" ಎನ್ನುವುದು ಇವತ್ತು ಉತ್ತರವಾಗುವುದಿಲ್ಲ.

ಲೈಸೆನ್ಸ್ ಬೇಕಾದ ಆಯುಧವನ್ನು ಅದಿಲ್ಲದೆ ಇಟ್ಟುಕೊಳ್ಳುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಮಿಗೆ ವಿರುದ್ಧ, ಶಿಕ್ಷೆ 25ನೇ ಕಲಮಿನಲ್ಲಿದೆ. ಇಟ್ಟುಕೊಳ್ಳುವ ಹಕ್ಕು ಯಾವುದೇ ಕಾರಣಕ್ಕೆ ತಪ್ಪಿದರೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯ ಬಳಿ ಠೇವಣಿ ಇಡಬೇಕೆಂದು 21ನೇ ಕಲಮು ಹೇಳುತ್ತದೆ. ನೀವು ಮಾಡಬೇಕಾದದ್ದು ಇದೇ: ವ್ಯಾಪಾರಿಯ ಬಳಿ ಲಿಖಿತವಾಗಿ ಠೇವಣಿ ಇಟ್ಟು ರಸೀದಿ ಪಡೆಯಿರಿ, ಒಂದು ಅರ್ಜಿಯೊಂದಿಗೆ ಜಿಲ್ಲೆಯ ಲೈಸೆನ್ಸ್ ಶಾಖೆಗೆ ತಿಳಿಸಿ, ಮುಂದಿನ ದುರಸ್ತಿ ಅವರ ಕೈಯಲ್ಲೇ ನಡೆಯಲಿ. ದುರಸ್ತಿ, ಪರಿವರ್ತನೆ ಮಾಡುವವರಿಗೂ 5ನೇ ಕಲಮಿನಡಿ ಲೈಸೆನ್ಸ್ ಬೇಕು. ಪರಿಚಯದ ಲೇಥ್‌ನವರ ಹತ್ತಿರ ಸುಮ್ಮನೆ ಒಂದು ಬ್ಯಾರಲ್ ತಿರುಗಿಸಿ ಕೊಡು ಎಂದರೆ ಇಬ್ಬರಿಗೂ ತೊಂದರೆ.

ಗದಗ, ಗುರಿ ಹೊಡಿಯೂದು ಕಲಿಸವ್ರು

ಕಾಯ್ದೇದ ಮಾತು ಬದಿಗಿಟ್ಟು ಬರೇ ಗುರಿ ಲೆಕ್ಕಾ ಹಾಕಿದ್ರೂ ನಿಮ್ಮ ಕೆಲಸಕ್ಕ 0.177 ನ ಸರಿ. ಒಂದೇ ಸಿಲಿಂಡರ್ 11 ಜೂಲ್ ಕೊಡ್ತದ ಅಂತ ಹಿಡೀರಿ. 0.177 ದ 0.53 ಗ್ರಾಂ ಪೆಲೆಟ್ ಸೆಕೆಂಡಿಗೆ ಸುಮಾರು 204 ಮೀಟರ್ ಓಡ್ತದ. 0.22 ದ 0.95 ಗ್ರಾಂ ಪೆಲೆಟ್ ಸುಮಾರು 152. ಗಾಳೀ ತಡಿ ಬಿಟ್ಟು ಲೆಕ್ಕಾ ಮಾಡಿದ್ರ 10 ಮೀಟರ್‌ಗೆ ಮೊದಲನೇದು 1.2 ಸೆಂ.ಮೀ. ಇಳೀತದ, ಎರಡನೇದು 2.1. ಹಿತ್ತಲದಾಗ ಇದು ಲೆಕ್ಕಕ್ಕಿಲ್ಲ. 25 ಮೀಟರ್‌ಗೆ ಹೋದ್ರ 7.4 ಮತ್ತ 13.3. ಹೊಲದಾಗ ಡಬ್ಬಿ 25 ಮೀಟರ್ ಅಂತ ತಿಳದು ಅದು 30 ಇದ್ರ, 0.177 ಇನ್ನೂ 3 ಸೆಂ.ಮೀ. ತೆಳಗ ಬೀಳ್ತದ, 0.22 ಹತ್ತಿರ ಹತ್ತಿರ 6. ಡಬ್ಬಿ ತಪ್ಪೂದು ಇಲ್ಲೇ. ದೂರದ ಅಂದಾಜು ತಪ್ಪಿದ್ರೂ 0.177 ಸಂಭಾಳಿಸ್ತದ.

ಅಡ್ಡಗಾಳಿಗೆ ಮಾತ್ರ ಎರಡೂ ಬೋರ್ ಸೋಲ್ತಾವ. ಗದಗಿನ ಬಯಲಾಗ ಆಷಾಢದಾಗ 25 ಮೀಟರ್ ಹೊಡಿಯೂ ಆಸೆ ಬಿಡ್ರಿ, ಮುಂಜಾನೆ 8ರ ಒಳಗ ಮುಗಿಸಿಕೊಳ್ರಿ.

10 ಮೀಟರ್ ಹಾಳಿ ಹೊಡೀತೀರಿ ಅಂದ್ರ ಇನ್ನೊಂದು ಮಾತು. ಒಲಿಂಪಿಕ್ಸ್ ನಮೂನಿ ಸ್ಪರ್ಧಾದಾಗ ನಡಿಯೂದು 4.5 ಮಿ.ಮೀ. ಒಂದೇ. ಆ ಗುರಿ ಹಾಳಿಯ ವರ್ತುಲ 45.5 ಮಿ.ಮೀ., ನಡುವಿನ ಹತ್ತಂಕ ಬರೇ 0.5 ಮಿ.ಮೀ. ಚುಕ್ಕಿ. 0.22 ದ ತೂತು ದೊಡ್ಡದು, ಆ ಹಾಳಿಗೆ ಅಂಕಾ ಬರೊಬ್ಬರಿ ಹತ್ತಂಗಿಲ್ಲ. ಮನಿ ಹುಡುಗೂರು ನಾಳೆ ಕಲೀಬೇಕಂದ್ರ ಮೊದಲಿಂದ 0.177 ಕೈಗೆ ಕೊಡ್ರಿ.

ಪೆಲೆಟ್: ಹಾಳಿಗೆ ಚಪ್ಪಟಿ ತಲೀದು, ತೂತು ಕತ್ರಿಸಿದಂಗ ದುಂಡಗ ಬೀಳ್ತದ. ಆದ್ರ 20 ಮೀಟರ್ ದಾಟಿದ ಮ್ಯಾಲ ಅದು ಗಾಳಿ ಹಿಡದು ಅಲುಗ್ತದ, ಅಲ್ಲಿಗೆ ಗುಂಬಜ್ ತಲೀದು ಬೇಕು. ಚೂಪು ತಲೀದು ನೋಡಾಕ ಛಂದ, ಗುರಿಗೆ ಎಲ್ಲಾಕಿಂತ ಹಿಂದ. ಡಬ್ಬಿ ಮ್ಯಾಲ 4.49, 4.50, 4.51 ಅಂತ ತಲೀ ಅಳತಿ ಬರದಿರ್ತಾರ. ಬ್ಯಾರಲ್ ಯಾವುದನ್ನ ಒಪ್ತದ ಅನ್ನೂದು ಹೊಡದು ನೋಡಬೇಕು, ಒಂದೊಂದರದು ಐದೈದು ಪೆಲೆಟ್ಟಿನ ಗುಂಪು. 10 ಮೀಟರ್‌ಗೆ ಐದೂ 15 ಮಿ.ಮೀ. ಒಳಗ ಬಿದ್ರ ಹಳೇ ಸ್ಪ್ರಿಂಗ್ ರೈಫಲ್ಲಿಗೆ ಶಾಭಾಶ್ ಅನ್ನಬೇಕು. ಹಿಡಿಯೂದು ಸಡ್ಲ ಇರ್ಲಿ: ಮುಂದಿನ ಕೈ ತೆರೆದ ಅಂಗೈ, ಅದರ ಮ್ಯಾಲ ರೈಫಲ್ ಸುಮ್ನ ಮಲಗಿರಬೇಕು. ಬಿಗಿಯಾಗಿ ಹಿಡದ್ರ, ಇಲ್ಲಾ ಗಟ್ಟಿ ಕಟ್ಟಿಗೆ ಆನಿಸಿ ಹೊಡದ್ರ, ಪಿಸ್ಟನ್ನಿನ ಜಗ್ಗಾಟಕ್ಕ ಪ್ರತೀ ಸಲ ಬ್ಯಾರಲ್ ಬ್ಯಾರೆ ಕಡೆ ಜಿಗೀತದ. ಇದನ್ನ ತಿಳೀದ ಬ್ಯಾರಲ್ ಬದಲಿ ಮಾಡಿಸಿದವ್ರು ಕಡಿಮಿ ಇಲ್ಲ.

ಹುಬ್ಬಳ್ಳಿ, ಗೋಕುಲ ರಸ್ತೆ, ಲೇಥ್ ಕೆಲಸದವರು

ವಕೀಲ್ರು ಹೇಳಿದ್ದು ಬರೊಬ್ಬರಿ ಐತಿ. ಲೈಸೆನ್ಸ್ ಇರೋ ದುರಸ್ತಿಯವರ ಕಡೆಯಿಂದ ಕಾಗದ ಸಹಿತ ಬಂದ್ರ ಕೆಲಸ, ಇಲ್ಲಾಂದ್ರ ಇಲ್ಲ. ಕೆಲಸ ಹೆಂಗ ಅಂತ ಗೊತ್ತಿದ್ರ ಅವರ ಜೋಡಿ ಮಾತಾಡಾಕ ಅನುಕೂಲ ಆಗ್ತೈತಿ, ಅದಕ್ಕ ಬರೀತೇನಿ.

0.22 ನ್ನ 0.177 ಮಾಡಾಕ ಎರಡು ದಾರಿ. ಒಂದು, ಹಳೇ ಬ್ಯಾರಲ್ ಬ್ರೀಚ್ ಬ್ಲಾಕಿಂದ (ಬ್ಯಾರಲ್ಲಿನ ಬುಡ ಹಿಡದ ಕೀಲಿನ ತುಂಡಿಂದ) ತೆಗೆದು ಹೊಸಾ 0.177 ಬ್ಯಾರಲ್ ಕೂಡ್ರಸೂದು. ಎರಡು, ಹಳೇ ಬ್ಯಾರಲ್ಲಿನ ಒಳಗ ಕೊರೆದು ತೆಳು 0.177 ಲೈನರ್ ನಳಿಗೆ ತೂರಿ ಅಂಟಸೂದು. ಹಳೇ ರೈಫಲ್ಲಿನ ಹೊರಗಿನ ಮುಖ, ಅಚ್ಚು, ನಂಬರ್ ಉಳೀಬೇಕಂದ್ರ ಎರಡನೇದು. ಖರ್ಚು, ತಾಪತ್ರಯ ಕಡಿಮಿ ಬೇಕಂದ್ರ ಮೊದಲನೇದು.

ಮೊದಲನೇದ್ರಾಗ, ಬ್ಯಾರಲ್ ಬ್ಲಾಕಿಗೆ ಹೆಂಗ ಕೂತೈತಿ ಅಂತ ನೋಡಬೇಕು. ಕೆಲವು ಪ್ರೆಸ್ ಮಾಡಿ ಅಡ್ಡ ಪಿನ್ ಬಡದಿರ್ತಾರ, ಕೆಲವು ಥ್ರೆಡ್ ಇರ್ತಾವ. ಪಿನ್ ಸಾಣಿ ಹಿಡದು ಮುಚ್ಚಿರ್ತಾರ, ಕಣ್ಣಿಗೆ ಕಾಣೂದಿಲ್ಲ. ಅದನ್ನ ನೋಡದ ಹೈಡ್ರಾಲಿಕ್ ಪ್ರೆಸ್ಸಿಗೆ ಹಾಕಿದ್ರ ಬ್ಲಾಕ್ ಸೀಳ್ತೈತಿ. ಮೊದಲ ಬ್ಲಾಕಿನ ಮೈ ಸಣ್ಣ ಎಮ್ರಿ ಕಾಗದದಿಂದ ತಿಕ್ಕಿ ಎಣ್ಣಿ ಸವರಿದ್ರ ಪಿನ್ನಿನ ದುಂಡ ಗೆರಿ ಕಾಣ್ತೈತಿ. ಹೊಸಾ ಬ್ಯಾರಲ್ಲಿನ ಬುಡ ಬ್ಲಾಕಿನ ತೂತಿಗಿಂತ 0.02 ಮಿ.ಮೀ. ದಪ್ಪ ಇಟ್ಟು ಒತ್ತಿ ಕೂಡ್ರಿಸಿ ಪಿನ್ ಹಾಕೂದು. 0.05 ದಾಟಿ ದಪ್ಪ ಇಟ್ರ ಒತ್ತೂ ಮುಂದ ಬೋರ್ ಅಲ್ಲೇ ಇರುಕ ಆಗ್ತೈತಿ, ಪೆಲೆಟ್ ಬುಡದಾಗ ಹಿಂಡಿಕೊಂಡು ಮುಂದ ಸಡ್ಲ ಓಡ್ತೈತಿ.

ಲೈನರ್ ದಾರೀಲಿ ಕಷ್ಟ ಇರೂದು ಉದ್ದ ತೂತು ಕೊರಿಯೂದ್ರಾಗ. ಲೈನರ್ ಹೊರಗಿನ ವ್ಯಾಸ 8 ಮಿ.ಮೀ. ಇದ್ರ ಹಳೇ ಬ್ಯಾರಲ್ಲಿನ್ಯಾಗ 8.1 ತೂತು ಬೇಕು. ಸಾದಾ ಡ್ರಿಲ್ ಬಿಟ್ಟಿಗೆ ಉದ್ದ ವೆಲ್ಡ್ ಮಾಡಿ ತೂರಿಸಿದ್ರ ನಡುವ ಹೋಗೂತನ ಒಂದು ಬಾಜೂಕ ಎಳಕೊಂಡಿರ್ತೈತಿ. ಮುಂದ 5.5 ಪೈಲಟ್ ಇರೋ ಬಿಟ್ ಬೇಕು, ಅದು ಹಳೇ ಬೋರನ್ನ ಹಿಡಕೊಂಡು ನೆಟ್ಟಗ ಹೋಗ್ತೈತಿ. ಪ್ರತಿ 10 ಮಿ.ಮೀ.ಗೊಮ್ಮೆ ಹೊರಗ ತೆಗೆದು ಚಕ್ಕಿ ಝಾಡಿಸಬೇಕು, ಗಡಿಬಿಡಿ ಮಾಡಿದ್ರ ಚಕ್ಕಿ ಸಿಕ್ಕೊಂಡು ಬಿಟ್ ಮುರೀತೈತಿ. ಹೊರಗಿನ ವ್ಯಾಸ 13 ಮಿ.ಮೀ.ಗಿಂತ ಕಡಿಮಿ ಇರೋ ಬ್ಯಾರಲ್ಲಿಗೆ ಈ ದಾರಿ ಹೇಳಂಗಿಲ್ಲ, ಗೋಡಿ ತೆಳು ಆಗಿ ಕಾಕ್ ಮಾಡೂ (ಬ್ಯಾರಲ್ ಜಗ್ಗಿ ಸ್ಪ್ರಿಂಗ್ ಎಳಿಯೂ) ಮುಂದ ಬಾಗ್ತೈತಿ.

ಅಂಟಾಕ ಬೇರಿಂಗ್ ಕೂಡ್ರಸೂ ರಿಟೈನಿಂಗ್ ಕಂಪೌಂಡ್, ಲಾಕ್‌ಟೈಟ್ 638 ಜಾತೀದು. ಎರಡೂ ಮೈ ಅಸಿಟೋನಿಂದ ಒರಸಿ, ತಿರುವಕೋತ ಒಂದೇ ಬೀಸಿಗೆ ತೂರಬೇಕು, ನಡುವ ನಿಂತ್ರ ಅಲ್ಲೇ ಹಿಡೀತೈತಿ. 24 ತಾಸು ಮುಟ್ಟಬಾರದು. ಆಮ್ಯಾಲ ಬುಡ ಸಮ ಕತ್ತರಿಸಿ, ಬಾಯಿ ಕಡೆ ಒಂದು ಮಿ.ಮೀ. ಉಳಿಸಿ ಕತ್ತರಿಸಿ ಹೊಸಾ ಅಂಚು ತಿರುಗಿಸಬೇಕು.

ಎರಡೂ ದಾರ್ಯಾಗ ಕಡೀಕ ಬರೂದು ಬ್ರೀಚಿನ ಬಾಯಿ. ಪೆಲೆಟ್ಟಿನ ಲಂಗ (ಹಿಂದಿನ ಅಗಲ ಅಂಚು) ಬ್ರೀಚಿನ ಮುಖಕ್ಕ ಸಮ ಕೂಡಬೇಕು. ಅದಕ್ಕ ಸಣ್ಣ ಇಳಿಜಾರು ಬೇಕು, 0.3 ಮಿ.ಮೀ. ಆಳ ಸಾಕು. ಚೂಪ ಬಿಟ್ರ ಹೆಬ್ಬೆರಳಿನಿಂದ ಒತ್ತೂ ಮುಂದ ಲಂಗ ಕೆತ್ತಿ ಹೋಗ್ತೈತಿ. ಹೆಚ್ಚು ತೆಗೆದ್ರ ಪೆಲೆಟ್ ಒಳಗ ಜಾರಿ ಗಾಳಿ ಸೋರ್ತೈತಿ. ರೈಫ್ಲಿಂಗ್ ತಿರುವು 16 ಇಂಚಿಗೆ ಒಂದು ಸುತ್ತಿನ ಆಸುಪಾಸು ಇರೋ ಬ್ಯಾರಲ್ ತರಸ್ರಿ, ಏರ್ ರೈಫಲ್ಲಿಗೆ ಅದ ನಡೀತೈತಿ. ಮದ್ದಿನ ರೈಫಲ್ಲಿನ ತುಂಡು ತಂದು "ಇದ ನಡೀತೈತಿ" ಅನ್ನಾವರನ್ನ ನಂಬಬ್ಯಾಡ್ರಿ.

ಬ್ಯಾರಲ್ ಗಿಡ್ಡ ಮಾಡಸ್ಲೇನು ಅಂತ ಭಾಳ ಮಂದಿ ಕೇಳ್ತಾರ. ಸ್ಪ್ರಿಂಗ್ ರೈಫಲ್ಲಿಗೆ ಪೆಲೆಟ್ ವೇಗ ಮೊದಲ 25 ಸೆಂ.ಮೀ. ಒಳಗ ಬಂದು ಮುಗದಿರ್ತೈತಿ, ಖರೆ. ಆದ್ರ ಕಾಕ್ ಮಾಡೂ ಸನ್ನಿಗೋಲು ಅದ ಬ್ಯಾರಲ್. 10 ಸೆಂ.ಮೀ. ತೆಗೆದ್ರ ರಟ್ಟಿ ನೋವ ಬರ್ತಾವ, ಬ್ಯಾರೇನೂ ಸಿಗೂದಿಲ್ಲ.

ಬೆಟಗೇರಿ, ಹಳೇ ಏರ್ ಗನ್ ಇಟಗೊಂಡವರು (ಲೈಸೆನ್ಸ್ ಸಹಿತ)

ಎಲ್ಲಾರೂ 0.177 ಅಂತೀರಿ, ನಂದೊಂದು ತಕರಾರು ಅದ. ಆ ಸಿಲಿಂಡರ್, ಆ ಪಿಸ್ಟನ್ ತೂಕ, ಆ ಸ್ಪ್ರಿಂಗ್ ಎಲ್ಲಾ 0.22 ಗೆ ಹೊಂದಿಸಿ ಕಟ್ಟಿದ್ದು. ಬೋರ್ ಸಣ್ಣ ಆದ್ರ ಗಾಳಿ ಹೊರಗ ಹೋಗೂ ದಾರಿ ಇಕ್ಕಟ್ಟು. ಪಿಸ್ಟನ್ ಮುಂದಿನ ಒತ್ತಡ ಏರಿ ಅದು ಕಡೀ ಗಳಿಗ್ಯಾಗ ಹಿಂದ ಪುಟೀತದ. ಹೊಡದಾಗ ಧಡ್ ಅಂತ ಗದ್ದಕ್ಕ ಬಡೀತದಲ್ಲಾ, ಅದ ಇದು. ಶಕ್ತೀನೂ 0.22 ಕ್ಕಿಂತ ತುಸು ಕಡಿಮಿ ಬರ್ತದ. ಹೊಸಾ ಬ್ಯಾರಲ್ ಹಾಕಿ, ಮ್ಯಾಲ ಜೋರಿನ ಹೊಸಾ ಸ್ಪ್ರಿಂಗೂ ಹಾಕಿಸಿ, "ಗುರಿನ ಕೂಡವಲ್ದು" ಅನ್ನೋರ ರೈಫಲ್ ಹಿಂಗ ಹಾಳಾಗಿರ್ತಾವ. 0.177 ಮಾಡಿದ್ರ ಸ್ಪ್ರಿಂಗ್ ಮೆತ್ತನ್ನ ಇಡ್ರಿ, ಪ್ರಿಲೋಡ್ (ಕಾಕ್ ಮಾಡೂ ಮೊದಲ ಸ್ಪ್ರಿಂಗ್ ಒಳಗ ಒತ್ತಿಕೊಂಡಿರೂ ಅಳತಿ) 30 ಮಿ.ಮೀ. ಆಸುಪಾಸು. 50 ರ ಮ್ಯಾಲ ಹೋಗಬ್ಯಾಡ್ರಿ.

ಮತ್ತ ಹಳೇ ನಂಬರ್ ಬರೊಬ್ಬರಿ ಇರೋ ಮೂಲ ಬ್ಯಾರಲ್ ಬಿಸಾಕಬ್ಯಾಡ್ರಿ. ಲೈಸೆನ್ಸ್ ಸಿಗೂ ಹಂಗ ಇದ್ರ 0.22 ನ ಉಳಸ್ರಿ ಅಂತ ನನ್ನ ಮತ. ಸಿಗೂದಿಲ್ಲಾಂದ್ರ 0.177. ಅದ್ರಾಗ ಲೈನರ್ ಬ್ಯಾಡ, ಹೊಸಾ ಬ್ಯಾರಲ್. ಕೊರೆದ ಮೂಲ ಬ್ಯಾರಲ್ ಮತ್ತ ವಾಪಸ್ ಬರಂಗಿಲ್ಲ, ತೆಗೆದಿಟ್ಟದ್ದು ವ್ಯಾಪಾರಿ ಠೇವಣ್ಯಾಗರ ಇರ್ತದ.

ಪ್ರಶ್ನೆ ಕೇಳಿದವರು

ಎಲ್ಲಾರಿಗೂ ಶರಣ್ರಿ. ರೈಫಲ್ ವ್ಯಾಪಾರಿ ಹತ್ರ ಇಟ್ಟು ರಸೀದಿ ತಗೊಂಡೇನಿ. ಅವರ ಮುಂದನ ಸ್ವಚ್ಛ ಮಾಡಿಸಿ ನೋಡಿದ್ವಿ. ಸೀಸ ಭಾಳ ಬಂತು. ಪೆಲೆಟ್ ನೂಕಿದ್ರ ನಡುವ ಸುಮಾರು 6 ಸೆಂ.ಮೀ. ಪೂರಾ ಸಡ್ಲ, ಬಾಯಿ ಹತ್ರನೂ ಸಡ್ಲ. ಪೆಲೆಟ್ ತಲೀ ಮ್ಯಾಲ ಗೆರಿ ಒಂದ ಬಾಜೂಕ ಮೂಡೇತಿ. ಕೀಲಿನ್ಯಾಗ ಆಟ ಇಲ್ಲ. 0.177 ಅಂತ ಗಟ್ಟಿ ಮಾಡಿದ್ವಿ. ಚರ್ಮದ ವಾಷರ್ ಒಣಗಿ ಸೀಳೇತಿ, ಸ್ಪ್ರಿಂಗ್ ಬಾಗೇತಿ. ಅವು ಹೆಂಗ?

ಹುಬ್ಬಳ್ಳಿ, ಬಂದೂಕು ದುರಸ್ತಿ ಕೆಲಸದವರು

ನಡುವ 6 ಸೆಂ.ಮೀ. ಮತ್ತ ಬಾಯಿ ಎರಡೂ ಸಡ್ಲ ಅಂದ್ರ ಆ ಬ್ಯಾರಲ್ ಮುಗೀತು. ಬರೇ ನಡುವ ಇದ್ದಿದ್ರ ನಡೀತಿತ್ತು, ಬಾಯಿ ಹತ್ರ ಪೆಲೆಟ್ ಬಿಗಿ ಹಿಡೀದಿದ್ರ ಗುರಿ ಬರಂಗಿಲ್ಲ. ಬೆಟಗೇರಿಯವರು ಹೇಳಿದಂಗ ಹೊಸಾ ಬ್ಯಾರಲ್ ಹಾಕಸ್ರಿ.

ಬಿಚ್ಚೂದು ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗ್ ಒತ್ತಿ ಹಿಡಿಯೂ ಸಾಧನ) ಇಲ್ಲದ ಬ್ಯಾಡ. ಸ್ಪ್ರಿಂಗ್ ಆರಾಮ ಸ್ಥಿತಿಯಾಗೂ ಒಳಗ ಒತ್ತಿಕೊಂಡ ಇರ್ತೈತಿ, ಹಿಂದಿನ ಕ್ಯಾಪ್ ಬಿಟ್ಟ ಕೂಡ್ಲೆ ಮುಖಕ್ಕ ಬರ್ತೈತಿ. ಬಡಿಗ್ಯಾರ ಹತ್ರ ಇರೋ ಉದ್ದನ್ನ ಸ್ಯಾಶ್ ಕ್ಲಾಂಪಿಗೆ ಕಟಗಿ ಗುಟ್ಟ ಇಟ್ಟು ಮಾಡಬಹುದು. ಸ್ಕ್ರೂ ಪೂರಾ ತೆಗೆದ ಮ್ಯಾಲೂ ಕ್ಲಾಂಪ್ 8-10 ಸೆಂ.ಮೀ. ಹಿಂದ ಬರೂ ಜಾಗಾ ಇರಬೇಕು. ಕುತಗಿ, ಮುಖ ಹಿಂದಿನ ಗೆರ್ಯಾಗ ಇರಬಾರದು.

ವಾಷರ್: ಕಾಯಿ ತೊಗಟಿಂದ ಹದ ಮಾಡಿದ ಚರ್ಮ ಬೇಕು, 3 ಮಿ.ಮೀ. ದಪ್ಪ. ಕ್ರೋಮ್ ಹದದ ಮೆತ್ತನ್ನ ಚರ್ಮ ನೀರಾಗ ಒತ್ತಿದ್ರೂ ಆಕಾರ ಹಿಡೀದಿಲ್ಲ. 25 ಮಿ.ಮೀ. ಸಿಲಿಂಡರಿಗೆ 38 ಮಿ.ಮೀ. ಬಿಲ್ಲಿ ಕತ್ತರಸ್ರಿ. ಉಗುರುಬೆಚ್ಚಗಿನ ನೀರಾಗ ಅರ್ಧ ತಾಸು. ಕುದಿಯೂ ನೀರ ಬ್ಯಾಡ, ಚರ್ಮ ಮುದುಡಿ ಗಟ್ಟಿ ಆಗ್ತೈತಿ. ಸಿಲಿಂಡರಿನ ಅಳತಿ ನಳಿಗ್ಯಾಗ ಗುಟ್ಟದಿಂದ ಒತ್ತಿ ಬಟ್ಟಲ ಮಾಡಿ, ನೆರಳಾಗ ಎರಡು ದಿನ ಒಣಗಸ್ರಿ. ತುಟಿ 5 ಮಿ.ಮೀ. ಉಳಿಸಿ ಬ್ಲೇಡಿಂದ ಸಮ ಮಾಡ್ರಿ. ಆಮ್ಯಾಲ ನೀಟ್ಸ್‌ಫುಟ್ ಎಣ್ಣ್ಯಾಗ (ಚರ್ಮಕ್ಕ ಹಚ್ಚೂ ದನದ ಕಾಲೆಲುಬಿನ ಎಣ್ಣಿ) ಒಂದು ರಾತ್ರಿ ನೆನಸಿ, ಹೊರಗ ಪೂರಾ ಒರಸ್ರಿ. ಪಿಸ್ಟನ್ ಸಿಲಿಂಡರಿನ್ಯಾಗ ಹಾಕಿ ಪೋರ್ಟ್ ಬೆರಳಿಂದ ಮುಚ್ಚಿ ನೂಕಿದ್ರ ಗಾಳಿ ತಡೀಬೇಕು, ಬೆರಳ ತೆಗೆದ್ರ ತುಸು ಬಲಕ್ಕ ಜಾರಬೇಕು. ಎರಡೂ ಕೈಲೆ ನೂಕಬೇಕಾದ್ರ ತುಟಿ ದಪ್ಪ ಐತಿ, ಒಳಗಿನಿಂದ ಕೆರದು ತೆಳು ಮಾಡ್ರಿ.

ಸ್ಪ್ರಿಂಗ್: ಹಳೇದರ ತಂತಿ ದಪ್ಪ, ಹೊರಗಿನ ವ್ಯಾಸ, ಸುತ್ತು ಎಣಿಸಿ ಅದನ್ನ ಹೇಳಿ ತರಸ್ರಿ. ಉದ್ದ ಅಳೀಬ್ಯಾಡ್ರಿ, ಹಳೇದು ಕುಗ್ಗಿರ್ತೈತಿ. ಎರಡೂ ತುದಿ ಚಪ್ಪಟಿ ಮಾಡಿ ಹೊಳಪು ಕೊಡ್ರಿ, ಇಲ್ಲಾಂದ್ರ ಒತ್ತಿ ಬಿಡೂ ಮುಂದ ತಿರುಗಿ ಟಣ್ ಅಂತ ನಡಗ್ತೈತಿ. ಮಾಲಿಬ್ಡಿನಮ್ ಗ್ರೀಸ್ ಪಿಸ್ಟನ್ನಿನ ಹಿಂದಿನ ಅಂಚಿಗೆ ಮತ್ತ ಕಾಕಿಂಗ್ ಲಿವರಿನ ಜಾಡಿಗೆ ತೆಳ್ಳಗ, ಸ್ಪ್ರಿಂಗಿಗೆ ದಪ್ಪ ಗ್ರೀಸ್ ತುಸು. ವಾಷರಿನ ಮುಂದ ಏನೂ ಬ್ಯಾಡ.

ಬ್ರೀಚ್ ಸೀಲಿಗೆ ಹೊಸಾ ಓ-ರಿಂಗ್, ಮುಖದಿಂದ 0.2 ಮಿ.ಮೀ. ಹೊರಗ ಕಾಣೂ ಹಂಗ. ತೆಳಗ ಇಳದಿದ್ರ ಕಾಗದದ ಶಿಮ್ ಹಾಕ್ರಿ. ಬ್ರೀಚ್ ಕೂಡೂ ಸಂದಿ ಮ್ಯಾಲ ತೆಳು ಟಿಶ್ಯೂ ಪಟ್ಟಿ ಇಟ್ಟು ಹೊಡದ್ರ ಅದು ಹಾರಿದ್ರ ಅಲ್ಲಿ ಸೋರ್ತೈತಿ.

ಪೆಲೆಟ್ ಇಲ್ಲದ ಖಾಲಿ ಹೊಡೀಬ್ಯಾಡ್ರಿ, ಪಿಸ್ಟನ್ನಿಗೆ ಮುಂದ ಗಾಳೀ ಗಾದಿ ಇರಂಗಿಲ್ಲ, ನೇರ ಸಿಲಿಂಡರಿನ ತಲೀಗೆ ಬಡೀತೈತಿ. ಬ್ಯಾರಲ್ ಮುರದು ಹಿಡದಾಗ ಟ್ರಿಗರ್ ಮುಟ್ಟಬ್ಯಾಡ್ರಿ, ಬ್ಯಾರಲ್ ಮ್ಯಾಲ ಜಿಗದು ಬಾಗ್ತೈತಿ, ಬೆರಳು ಸಿಕ್ರ ಬೆರಳೂ ಹೋಗ್ತೈತಿ. ಪೆಲೆಟ್ ಹಾಕೂ ಮುಂದ ಇನ್ನೊಂದು ಕೈ ಬ್ಯಾರಲ್ ಬಿಡಬಾರದು.

ಹಾವೇರಿ, ತೋಟದ ಕೆಲಸದವರು

ಮಂಗ್ಯಾದ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ಲ. ಆಗಂಗಿಲ್ರಿ, ಯಾವ ಬೋರಿಗೂ ಆಗಂಗಿಲ್ಲ. ಮಂಗ್ಯಾ, ಮುಸ್ಯಾ ಎರಡಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಐತಿ. ನವಿಲು, ಚಿಗರಿ ಅಂತೂ ಮೊದಲನೇ ಪಟ್ಟ್ಯಾಗ ಅದಾವ, ಮತ್ತ ನಿಮ್ಮ ರಾಣೆಬೆನ್ನೂರಾಗ ಚಿಗರಿ ಅಭಯಾರಣ್ಯನ ಐತಿ. ಪೆಲೆಟ್ ತಾಗಿದ ಮಂಗ್ಯಾ ಅಲ್ಲೇ ಸಾಯೂದೂ ಇಲ್ಲ, ಗಾಯ ಕೊಳತು ದಿನಗಟ್ಟಲೆ ನರಳ್ತೈತಿ. ಹಿಂಡು ವಾಪಸ್ ಬಂದ ಬರ್ತೈತಿ. ಅರಣ್ಯ ಇಲಾಖೆಗೆ ಅರ್ಜಿ ಕೊಡ್ರಿ, ರೈಫಲ್ ತೋಟಕ್ಕ ಒಯ್ಯಬ್ಯಾಡ್ರಿ.

ಗದಗ, ಗುರಿ ಹೊಡಿಯೂದು ಕಲಿಸವ್ರು

ಎಲ್ಲಾ ಕೂಡ್ರಿಸಿದ ಮ್ಯಾಲ ಕ್ರೋನೋಗ್ರಾಫಿನ್ಯಾಗ ವೇಗ ಅಳಸ್ರಿ, 20 ಜೂಲ್ ದಾಟಿಲ್ಲ ಅನ್ನೂದಕ್ಕ ಕೈಯಾಗ ಲೆಕ್ಕಾ ಇರ್ಲಿ. ಪೆಲೆಟ್ ತೂಕ ಕಿಲೋಗ್ರಾಮಿನ್ಯಾಗ, ವೇಗದ ವರ್ಗ, ಗುಣಿಸಿ ಅರ್ಧ. 0.53 ಗ್ರಾಂ ಪೆಲೆಟ್ 275 ಮೀಟರ್ ವೇಗಕ್ಕ 20 ಜೂಲ್ ಮುಟ್ತದ. ನಿಮ್ಮಂಥಾ ರೈಫಲ್ 150 ರಿಂದ 200 ರೊಳಗ ಬಂದ್ರ ಸರಿ. ಹಗುರ ಪೆಲೆಟ್ ಹಾಕಿ ವೇಗಾ ಹೆಚ್ಚು ತೋರಿಸಬ್ಯಾಡ್ರಿ, ಯಾವುದನ್ನ ದಿನಾ ಹೊಡೀತೀರೋ ಅದನ್ನ ಅಳಸ್ರಿ. ಮೊದಲ 20-30 ಹೊಡ್ತ ಬಿಟ್ಟು ಅಳೀಬೇಕು. ವಾಷರಿನ ಎಣ್ಣಿ ಹೊತ್ತಿ ಆ ಹೊಡ್ತದಾಗ ವೇಗ ಸುಳ್ಳೇ ಏರಿರ್ತದ, ಬಾಯಾಗ ಹೊಗಿ, ಸುಟ್ಟ ವಾಸನಿ ಬಂದ್ರ ಅದ ಅಂತ ತಿಳೀರಿ. ಹೊಗಿ 50 ಹೊಡ್ತ ದಾಟಿದ್ರೂ ನಿಲ್ಲಲಿಲ್ಲಾಂದ್ರ ಮತ್ತ ಬಿಚ್ಚಿ ಒರಸೂದು. ಟ್ಯೂಬ್‌ಲೈಟ್ ಕೆಳಗ ಬೆಳಕಿನ ಸೆನ್ಸರ್ ಇರೋ ಕ್ರೋನೋಗ್ರಾಫ್ ತಪ್ಪು ಅಂಕಿ ತೋರಸ್ತದ, ಹಗಲ ಬೆಳಕಿನ್ಯಾಗ ಅಳಸ್ರಿ.

ಹಿತ್ತಲದಾಗ ಹಾಳೀ ಹಿಂದ 3 ಮಿ.ಮೀ. ಕಬ್ಬಿಣ ತಗಡು, ಮ್ಯಾಲಿನ ಅಂಚು ನಿಮ್ಮ ಕಡೆ ಬರೂ ಹಂಗ 45 ಡಿಗ್ರಿ ಬಾಗಿಸಿ ಡಬ್ಬ್ಯಾಗ ಕೂಡ್ರಸ್ರಿ, ಪೆಲೆಟ್ ತೆಳಗ ಬೀಳ್ತದ. ನೆಟ್ಟಗ ನಿಲ್ಲಿಸಿದ್ರ ಚೂರು ವಾಪಸ್ ಬರ್ತಾವ. ಹಿಂದ ಗೋಡಿ ಇರಬೇಕು, ಬೇಲಿ ನಡಿಯಂಗಿಲ್ಲ. ಕಣ್ಣಿಗೆ ಕನ್ನಡಕ ಇರ್ಲಿ, ಹೊಡದ ಮ್ಯಾಲ ಕೈ ಸಾಬಾಣದಿಂದ ತೊಳೀರಿ, ಸೀಸ ಅದು.

ಮಳಿಗಾಲದಾಗ ಧಾರವಾಡದ ಕಡೆ ಒಯ್ದ್ರ ಅಲ್ಲಿಯ ಥಂಡಿಗೆ ಹೊಸಾ ಬ್ಯಾರಲ್ಲೂ ತಿಂಗಳದಾಗ ಕೆಂಪಗ ಆಗ್ತದ. ಹೊಡದು ಮುಗಿಸಿದ ದಿನ ಎಣ್ಣಿ ಅರಿವಿ ಒಮ್ಮೆ ಎಳದು ಇಡ್ರಿ, ಮುಂದ ಹೊಡಿಯೂ ಮೊದಲ ಒಣಾ ಅರಿವಿ ಎಳೀರಿ. ಸ್ಪಂಜಿನ ಚೀಲದಾಗ ಇಡಬ್ಯಾಡ್ರಿ, ಅದು ನೀರ ಹಿಡೀತದ.